ಹೊರಗಿನಿಂದ ಬೀಗ ಹಾಕಬೇಡಿ: ಬೆಂಗಳೂರು ಪೇಟೆಯಿಂದ ಒಂದು ಬಹಿರಂಗ ಪತ್ರ

ಬೆಂಗಳೂರು ಕೇಂದ್ರ ನಗರ ಪಾಲಿಕೆಯ ಮಾನ್ಯ ಆಯುಕ್ತರಿಗೆ,
ಅಗ್ನಿಶಾಮಕ ಮತ್ತು ತುರ್ತು ಸೇವೆಗಳ ಇಲಾಖೆಯ ಮಹಾನಿರ್ದೇಶಕರಿಗೆ,
ಕಾರ್ಮಿಕ ಇಲಾಖೆಯ ಆಯುಕ್ತರಿಗೆ,
ಮತ್ತು ನಮ್ಮ ಪೇಟೆಯ ವರ್ತಕರೆಲ್ಲರಿಗೆ,

ಮಾನ್ಯರೇ, ನಮಸ್ಕಾರ.

ವಿಷಯ ಒಂದೇ, ನೇರವಾಗಿ ಹೇಳಿಬಿಡುತ್ತೇನೆ. ಈ ಊರಿನ ಎಷ್ಟೋ ಅಂಗಡಿ, ಹೋಟೆಲ್, ಬಾರ್, ಗೋಡೌನುಗಳ ಒಳಗೆ ರಾತ್ರಿ ಕೆಲಸದ ಹುಡುಗರು ಮಲಗುತ್ತಾರೆ. ಹೊರಗಿನಿಂದ ಶಟರ್ ಎಳೆದು ಬೀಗ ಹಾಕಿರುತ್ತದೆ. ಬೀಗದ ಕೈ ಓನರ್ ಮನೆಯಲ್ಲಿರುತ್ತದೆ. ಇದು ನಿಲ್ಲಬೇಕು ಅಂತ ಕೇಳುವುದಕ್ಕೆ ಈ ಪತ್ರ.

ನಾನು ಪೇಟೆಯ ಕೆಲವು ಅಂಗಡಿಗಳಿಗೆ ಲೆಕ್ಕ ಬರೆಯುವವನು. ಜಿಎಸ್‌ಟಿ ರಿಟರ್ನ್ ಹಾಕುವ ದಿನಗಳಲ್ಲಿ, ಅಂದರೆ ತಿಂಗಳ 20ನೇ ತಾರೀಖು ಹತ್ತಿರ ಬಂದಾಗ, ಮನೆಗೆ ಹೋಗುವುದು ತಡವಾಗುತ್ತದೆ. ಆಗ ಬೀದಿ ಮುಚ್ಚುವುದನ್ನು ನೋಡುತ್ತೇನೆ. ಹಮಾಲಿಗಳು ಹೊರಡುತ್ತಾರೆ. ಗಲ್ಲಾ ಲೆಕ್ಕ ಮುಗಿಯುತ್ತದೆ. ಹುಡುಗರು ರಟ್ಟಿನ ಡಬ್ಬ ಬಿಚ್ಚಿ ನೆಲಕ್ಕೆ ಹಾಸುತ್ತಾರೆ, ಒಬ್ಬಿಬ್ಬರು ಅಟ್ಟ ಹತ್ತುತ್ತಾರೆ. ಸಾಹುಕಾರರು ಶಟರ್ ಎಳೆದು ಎರಡೂ ಬದಿ ಬೀಗ ಹಾಕಿ, ಸೆಂಟರ್ ಲಾಕ್ ತಿರುಗಿಸಿ, ಒಂದು ಸಲ ಜಗ್ಗಿ ನೋಡಿ ಸ್ಕೂಟರ್ ಹತ್ತುತ್ತಾರೆ. ಶಟರಿನ ಕೆಳಗಿನ ಸಂದಿಯಿಂದ ಒಳಗಿನ ಮೊಬೈಲ್ ಬೆಳಕು ಕಾಣುತ್ತಿರುತ್ತದೆ. ಇದರಲ್ಲಿ ಗುಟ್ಟೇನಿಲ್ಲ, ನಾಚಿಕೆಯೂ ಇಲ್ಲ. ಬೀದಿಗೆ ಬೀದಿಯೇ ನೋಡುತ್ತದೆ.

ಒಬ್ಬ ಹುಡುಗನನ್ನು ಕೇಳಿದೆ. "ರಾತ್ರಿ ಬೆಂಕಿ ಗಿಂಕಿ ಬಿದ್ರೆ ಏನೋ ಮಾಡ್ತೀಯಾ?" ಅವನು ನಕ್ಕ. "ಸೇಟ್‌ಗೆ ಫೋನ್ ಮಾಡ್ತೀನಿ ಅಣ್ಣ" ಅಂದ.

ಅವನ ಸೇಟ್ ಇರುವುದು ರಾಜಾಜಿನಗರದಲ್ಲಿ. ರಾತ್ರಿ ಮೂರು ಗಂಟೆಗೆ ಅವರು ಫೋನ್ ಎತ್ತಬೇಕು. ಎದ್ದು, ಬೀಗದ ಕೈ ಹುಡುಕಿ, ಗಾಡಿ ತೆಗೆದು, ಪೇಟೆಗೆ ಬರಬೇಕು. ಖಾಲಿ ರಸ್ತೆಯಾದರೂ ಹದಿನೈದು ನಿಮಿಷ. ಅಷ್ಟು ಹೊತ್ತು ಆ ಹುಡುಗನ ಬಳಿ ಇರುವುದಿಲ್ಲ. ಇಂಥ ಕಡೆ ಜನರನ್ನು ಕೊಲ್ಲುವುದು ಉರಿಗಿಂತ ಜಾಸ್ತಿ ಹೊಗೆ. ಪ್ಲಾಸ್ಟಿಕ್, ಫೋಮ್, ಬಟ್ಟೆ, ಥಿನ್ನರ್ ಹೊತ್ತಿಕೊಂಡರೆ ಬರುವ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ನಿದ್ದೆಯಲ್ಲಿರುವವನನ್ನು ಅದು ಎಬ್ಬಿಸುವುದಿಲ್ಲ, ಇನ್ನೂ ಆಳಕ್ಕೆ ತಳ್ಳುತ್ತದೆ. ಬಿಸಿ ಹೊಗೆ ಮೊದಲು ಮೇಲಕ್ಕೆ ಹೋಗಿ ಸೂರಿನ ಕೆಳಗೆ ತುಂಬಿಕೊಳ್ಳುತ್ತದೆ. ಹುಡುಗರು ಮಲಗುವ ಅಟ್ಟ ಇರುವುದೂ ಅಲ್ಲೇ. ಎಚ್ಚರ ಆದರೂ ಕತ್ತಲು, ಕೆಮ್ಮು, ಕಣ್ಣುರಿ. ಮೆಟ್ಟಿಲಿನ ಮೇಲೆಲ್ಲ ಮಾಲು. ಕೈಗೆ ಸಿಗುವುದು ಬೀಗ ಹಾಕಿದ ಶಟರ್. ಬೆಂಕಿಯ ಶಾಖಕ್ಕೆ ತಗಡಿನ ಪಟ್ಟಿಗಳು ಸೊಟ್ಟಗಾಗಿ ಬದಿಯ ಚಾನೆಲ್‌ನಲ್ಲಿ ಸಿಕ್ಕಿಕೊಂಡರೆ ಬೀಗದ ಕೈ ಇದ್ದರೂ ಶಟರ್ ಮೇಲೇಳುವುದಿಲ್ಲ. ಮೋಟಾರ್ ಶಟರ್ ಆದರೆ ಕರೆಂಟ್ ಹೋದ ಕೂಡಲೇ ಬಟನ್ ಸತ್ತಂತೆ. ಕೈಯಿಂದ ಎತ್ತುವ ಚೈನ್ ಎಲ್ಲಿದೆ ಅಂತ ಒಳಗಿರುವವರಿಗೆ ಯಾರೂ ತೋರಿಸಿರುವುದಿಲ್ಲ.

ನಾನು ಹೆದರಿಸುವುದಕ್ಕೆ ಬರೆಯುತ್ತಿಲ್ಲ. ನಡೆದದ್ದೇ ಸಾಕಷ್ಟಿದೆ.

2018ರ ಜನವರಿ 8. ಕಲಾಸಿಪಾಳ್ಯದ ಕುಂಬಾರ ಸಂಘದ ಕಟ್ಟಡ, ನೆಲಮಹಡಿಯ ಬಾರ್. ಬೆಳಗಿನ ಜಾವ ಬೆಂಕಿ ಬಿತ್ತು. ಒಳಗೆ ಮಲಗಿದ್ದ ಐವರು ಕೆಲಸಗಾರರು ಸತ್ತರು. ತುಮಕೂರು, ಹಾಸನ, ಮಂಡ್ಯ ಕಡೆಯಿಂದ ದುಡಿಯಲು ಬಂದವರು. ಅದಕ್ಕೆ ಹತ್ತು ದಿನ ಮೊದಲಷ್ಟೇ ಮುಂಬೈನ ಕಮಲಾ ಮಿಲ್ಸ್ ಆವರಣದ ಪಬ್‌ಗಳಲ್ಲಿ ಬೆಂಕಿ ಬಿದ್ದು 14 ಜನ ಸತ್ತಿದ್ದರು. ದೇಶವೆಲ್ಲ ಪಬ್‌ಗಳ ಸುರಕ್ಷತೆ ಬಗ್ಗೆ ಮಾತಾಡುತ್ತಿತ್ತು. ಅದೇ ಮುಂಬೈನ ಸಾಕಿನಾಕಾದಲ್ಲಿ 2017ರ ಡಿಸೆಂಬರ್ 18ರ ಬೆಳಗಿನ ಜಾವ ಖಾರದ ತಿಂಡಿ ಮಾಡುವ ಅಂಗಡಿಯೊಳಗೆ ಮಲಗಿದ್ದ 12 ಕೆಲಸಗಾರರು ಸತ್ತದ್ದು ಎಷ್ಟು ಜನಕ್ಕೆ ನೆನಪಿದೆ? ಗಿರಾಕಿ ಸತ್ತರೆ ಒಂದು ಸುದ್ದಿ, ತಟ್ಟೆ ತೊಳೆಯುವವನು ಸತ್ತರೆ ಇನ್ನೊಂದು ಸುದ್ದಿ. ಕಹಿ ಮಾತು, ಆದರೆ ಸುಳ್ಳಲ್ಲ ಅಲ್ವಾ?

2019ರ ಡಿಸೆಂಬರ್ 8, ದೆಹಲಿಯ ಅನಾಜ್ ಮಂಡಿ. ಬ್ಯಾಗ್ ಮುಂತಾದವು ತಯಾರಿಸುವ ಕಟ್ಟಡದಲ್ಲಿ ಕೆಲಸ ಮುಗಿಸಿ ಅಲ್ಲೇ ಮಲಗಿದ್ದವರಲ್ಲಿ 43 ಮಂದಿ ಸತ್ತರು, ಹೆಚ್ಚಿನವರು ಉಸಿರು ಕಟ್ಟಿ. 2022ರ ಮಾರ್ಚ್ 23, ಸಿಕಂದರಾಬಾದಿನ ಭೋಯಿಗುಡ. ಕೆಳಗೆ ಗುಜರಿ ಗೋಡೌನ್, ಮೇಲೆ ಬಿಹಾರದ ಕೆಲಸಗಾರರ ಹಾಸಿಗೆ. 11 ಜನ ಹೋದರು. ಒಬ್ಬ ಮಾತ್ರ ಹಾರಿ ಬದುಕಿದ. ಇನ್ನು ನಮ್ಮ ನಗರ್ತಪೇಟೆಗೆ ಬನ್ನಿ. 2025ರ ಆಗಸ್ಟ್ 16, ಸ್ವಾತಂತ್ರ್ಯ ದಿನದ ಮರುದಿನ, ಬೆಳಗಿನ ಜಾವ. ಕೆಳಗೆ ಪ್ಲಾಸ್ಟಿಕ್ ಚಾಪೆಯಂಥ ಮಾಲು, ಮೇಲೆ ಮನೆ. ಐವರು ಸತ್ತರು. ಅವರಲ್ಲಿ ನಾಲ್ವರು ಒಂದೇ ಮನೆಯವರು, ಅಪ್ಪ, ಅಮ್ಮ, ಇಬ್ಬರು ಚಿಕ್ಕ ಮಕ್ಕಳು. ಆ ಬೀದಿಯಲ್ಲಿ ಈಗ ನಡೆದು ನೋಡಿ, ಅಂಥದೇ ಕಟ್ಟಡಗಳು ಎರಡೂ ಬದಿಯಲ್ಲಿ ಇವೆ.

ಇವೆಲ್ಲ ಬೇರೆ ಬೇರೆ ಊರು, ಬೇರೆ ಬೇರೆ ವ್ಯಾಪಾರ. ಆದರೆ ಕಮಲಾ ಮಿಲ್ಸ್ ಬಿಟ್ಟರೆ ಎಲ್ಲಾ ಕಡೆ ಎರಡು ಸಂಗತಿ ಒಂದೇ: ವ್ಯಾಪಾರ ನಡೆಯುವ, ಮಾಲು ಇಡುವ ಕಟ್ಟಡದಲ್ಲೇ ಜನ ಮಲಗಿದ್ದರು, ಮತ್ತು ಹೊರಗೆ ಬರಲು ಸರಿಯಾದ ದಾರಿ ಇರಲಿಲ್ಲ.

ಮಾನ್ಯ ಆಯುಕ್ತರೇ, ಈಗ ನನ್ನ ದೂರು. ಒಂದು ಕಟ್ಟಡದ ಬಗ್ಗೆ ನಾನು ಕಚೇರಿಗಳಿಗೆ ಅಲೆದೆ. ಕಚೇರಿಯ ಹೆಸರು ಬೇಡ, ಯಾರೋ ಒಬ್ಬ ಗುಮಾಸ್ತರ ತಲೆದಂಡ ನನಗೆ ಬೇಕಿಲ್ಲ. ಲೈಸೆನ್ಸ್ ಕೊಡುವವರ ಹತ್ತಿರ ಹೋದೆ. "ಅಂಗಡಿಗೆ ಟ್ರೇಡ್ ಲೈಸೆನ್ಸ್ ಇದೆ, ರಿನ್ಯೂವಲ್ ಆಗಿದೆ, ರಾತ್ರಿ ಯಾರು ಮಲಗ್ತಾರೆ ಅನ್ನೋದು ನಮಗೆ ಬರಲ್ಲ" ಅಂದರು. ಬೆಂಕಿಯ ವಿಷಯ ತಾನೇ, ಅಗ್ನಿಶಾಮಕದವರಿಗೆ ಹೇಳಿ ಅಂದರು. ಅಲ್ಲಿ ಕೇಳಿದರೆ, ಅದು ಎತ್ತರದ ಕಟ್ಟಡ ಅಲ್ಲ, ನಮ್ಮ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಲೆಕ್ಕಕ್ಕೆ ಬರುವುದಿಲ್ಲ, ಬೆಂಕಿ ಬಿದ್ದರೆ ಬರುತ್ತೇವೆ ಅಂದರು. ಕೆಲಸಗಾರರ ವಿಷಯ ಅಂದ ಮೇಲೆ ಕಾರ್ಮಿಕ ಇಲಾಖೆ ಅಂತ ಅಲ್ಲಿಗೂ ಹೋದೆ. ಹುಡುಗರು ಎಷ್ಟು ಜನ ಅಂತ ಕೇಳಿದರು. ನಾಲ್ಕೈದು ಅಂದೆ. ಲಿಖಿತ ದೂರು ಕೊಡಿ, ಹುಡುಗರೇ ಬಂದು ಸಹಿ ಹಾಕಲಿ ಅಂದರು. ಊಟ, ಹಾಸಿಗೆ, ಸಂಬಳ ಎಲ್ಲವೂ ಒಬ್ಬನೇ ಓನರ್ ಕೈಯಲ್ಲಿರುವ ಹುಡುಗ ಅದೇ ಓನರ್ ಮೇಲೆ ಬಂದು ಸಹಿ ಹಾಕುತ್ತಾನಾ? ಸುಮ್ನೆ ಯೋಚಿಸಿ ನೋಡಿ.

ಯಾರೂ ನನ್ನನ್ನು ಗದರಲಿಲ್ಲ, ಕೂರಿಸಿ ಮಾತಾಡಿದವರೂ ಇದ್ದರು. ಅವರವರ ಕಾಗದದ ಪ್ರಕಾರ ಅವರು ಹೇಳಿದ್ದು ಸರಿಯೇ ಇರಬಹುದು. ಫ್ಯಾಕ್ಟರಿ ಕಾಯ್ದೆ ಕರೆಂಟ್ ಬಳಸುವ ಕಡೆ 10 ಜನರಿಂದ ಶುರುವಾಗುತ್ತಿತ್ತು. 2025ರ ನವೆಂಬರ್‌ನಲ್ಲಿ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಯಲ್ಲಿ ಆ ಗೆರೆ 20ಕ್ಕೆ ಏರಿದೆ. ಅಂಗಡಿ ಕಾಯ್ದೆಯ ಹೆಸರಲ್ಲಿ ಬರುವ ಇನ್ಸ್‌ಪೆಕ್ಟರ್ ನೋಡುವುದು ಕೆಲಸದ ಹೊತ್ತು, ವಾರದ ರಜೆ, ರಿಜಿಸ್ಟರ್. ಅಗ್ನಿಶಾಮಕದವರ ಕಣ್ಣು ಎತ್ತರದ ಕಟ್ಟಡಗಳ ಮೇಲೆ. ಅದಕ್ಕೂ ಕಾರಣ ಇದೆ, 2010ರ ಫೆಬ್ರುವರಿ 23ರಂದು ಹಳೇ ಏರ್‌ಪೋರ್ಟ್ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ ಒಂಬತ್ತು ಜನ ಸತ್ತ ಮೇಲೆ ಅಂಥ ಕಟ್ಟಡಗಳ ಬಗ್ಗೆ ಈ ಊರು ಸ್ವಲ್ಪ ಎಚ್ಚೆತ್ತುಕೊಂಡಿತು. ಎರಡು ಮಹಡಿಯ ಅಂಗಡಿಯಲ್ಲಿ ನಾಲ್ಕು ಹುಡುಗರು ಮಲಗಿದರೆ ಮಾತ್ರ ಅವರು ಯಾರ ಲೆಕ್ಕದಲ್ಲೂ ಇಲ್ಲ. ಸತ್ತ ಮೇಲೆ ಲೆಕ್ಕಕ್ಕೆ ಬರುತ್ತಾರೆ, ಪರಿಹಾರದ ಚೆಕ್ ಬರೆಯುವಾಗ.

ನಿಮ್ಮ ತಪಾಸಣೆ ನಡೆಯುವುದೇ ಇಲ್ಲ ಅಂತ ನಾನು ಹೇಳುವುದಿಲ್ಲ. 2023ರ ಅಕ್ಟೋಬರ್‌ನಲ್ಲಿ ಅತ್ತಿಬೆಲೆಯ ಪಟಾಕಿ ಗೋಡೌನ್ ಸ್ಫೋಟವಾಗಿ 14ಕ್ಕೂ ಜಾಸ್ತಿ ಜನ ಸತ್ತಾಗ, ಅದೇ ತಿಂಗಳು ಕೋರಮಂಗಲದಲ್ಲಿ ಮೇಲ್ಮಹಡಿಯ ಕೆಫೆ ಹೊತ್ತಿ ಉರಿದು ಒಬ್ಬರು ಅಲ್ಲಿಂದ ಜಿಗಿದದ್ದನ್ನು ಎಲ್ಲರೂ ಫೋನಿನಲ್ಲಿ ನೋಡಿದಾಗ, ತಪಾಸಣೆ ಜೋರಾಗಿಯೇ ನಡೆಯಿತು. ಆದರೆ ಈ ತಪಾಸಣೆಗಳು ನಡೆಯುವುದು ಹಗಲು, ಹೆಚ್ಚೆಂದರೆ ಸಂಜೆ. ಹಗಲು ಬಂದರೆ ನಿಮಗೆ ಕಾಣುವುದು ತೆರೆದ ಶಟರ್, ಗೋಡೆಗೆ ನೇತುಹಾಕಿದ ಫೈರ್ ಎಕ್ಸ್‌ಟಿಂಗ್ವಿಷರ್, ಗಲ್ಲಾದ ಹಿಂದೆ ಫ್ರೇಮು ಹಾಕಿಸಿದ ಲೈಸೆನ್ಸು. ಹಾಸಿಗೆ ಸುತ್ತಿ ಅಟ್ಟಕ್ಕೆ ಎಸೆದಿರುತ್ತಾರೆ. ಬೀಗ ಗಲ್ಲಾದ ಕೆಳಗಿನ ಡ್ರಾಯರಿನಲ್ಲಿರುತ್ತದೆ. ಅಲ್ಲಿ ಯಾವ ಅಪಾಯವೂ ಇಲ್ಲ ಅಂತ ಬರೆದುಕೊಂಡು ಹೋದರೆ ಅದು ಸುಳ್ಳು ವರದಿಯಲ್ಲ, ತಪ್ಪು ಹೊತ್ತಿನ ವರದಿ ಅಷ್ಟೇ.

ಅಷ್ಟೊಂದು ಅಂಗಡಿಗಳನ್ನು ನೋಡಲು ನಮಗೆ ಸಿಬ್ಬಂದಿ ಎಲ್ಲಿದ್ದಾರೆ ಅಂತ ನೀವು ಕೇಳಬಹುದು. 2024ರ ಫೆಬ್ರುವರಿ ನೆನಪು ಮಾಡಿಕೊಳ್ಳಿ. ನಾಮಫಲಕದಲ್ಲಿ ಶೇಕಡ 60 ಕನ್ನಡ ಇರಬೇಕು, ಫೆಬ್ರುವರಿ 28 ಕಡೇ ದಿನ ಅಂತ ಆದಾಗ ಆಗಿನ ಪಾಲಿಕೆಯವರು ರಸ್ತೆ ರಸ್ತೆ ಸುತ್ತಿ ಅಂಗಡಿಗಳಿಗೆ ನೋಟಿಸ್ ಕೊಟ್ಟರು. ನನಗೆ ಖುಷಿಯಾಗಿತ್ತು, ಈಗಲೂ ಆ ಬೋರ್ಡುಗಳನ್ನು ಓದಿಕೊಂಡೇ ಓಡಾಡುತ್ತೇನೆ. ಬೋರ್ಡ್ ನೋಡುವುದಕ್ಕೆ ಪ್ರತಿ ಅಂಗಡಿಯ ಮುಂದೆ ನಿಲ್ಲಲು ಆಗುತ್ತದೆ ಅಂದ ಮೇಲೆ, ಆ ಬೋರ್ಡಿನ ಕೆಳಗಿರುವ ಶಟರ್ ಒಳಗಿನಿಂದ ತೆರೆಯುತ್ತದಾ ಅಂತ ನೋಡಲು ಯಾಕೆ ಆಗುವುದಿಲ್ಲ?

ಹಾಗಾದರೆ ಏನು ಮಾಡಬೇಕು ಅಂತ ನೀವು ಕೇಳಿದರೆ, ಮೊದಲು ಏನು ಮಾಡಬಾರದು ಅಂತ ಹೇಳುತ್ತೇನೆ. ದಯವಿಟ್ಟು ಒಂದೇ ಸಲಕ್ಕೆ "ಅಂಗಡಿಯಲ್ಲಿ ಯಾರೂ ಮಲಗಬಾರದು" ಅಂತ ಆದೇಶ ಹೊರಡಿಸಿ ಕೈತೊಳೆದುಕೊಳ್ಳಬೇಡಿ. ಹಾಗೆ ಮಾಡಿದರೆ ಆ ರಾತ್ರಿಯೇ ಹುಡುಗರು ಫುಟ್‌ಪಾತಿಗೆ ಬರುತ್ತಾರೆ, ಇಲ್ಲವೇ ಇನ್ನೂ ಒಳಗೆ, ಇನ್ನೂ ಗುಟ್ಟಾಗಿ ಮಲಗುತ್ತಾರೆ. ಇವರು ಅಂಗಡಿಯಲ್ಲಿ ಮಲಗುವುದು ಆಸೆಯಿಂದಲ್ಲ. ಈ ಊರಿನಲ್ಲಿ ಒಂದು ಕೋಣೆ ಹಿಡಿಯಬೇಕೆಂದರೆ ಬಾಡಿಗೆ, ಅದರ ಮೇಲೆ ಅಡ್ವಾನ್ಸ್. ಬರುವ ಸಂಬಳದಲ್ಲಿ ಊರಿಗೆ ಕಳಿಸಬೇಕು. ಅಂಗಡಿಯಲ್ಲೇ ಮಲಗಿದರೆ ಆ ದುಡ್ಡು ಉಳಿಯುತ್ತದೆ, ಓನರಿಗೆ ಪುಕ್ಕಟೆ ಕಾವಲೂ ಸಿಗುತ್ತದೆ. ಇಬ್ಬರಿಗೂ ಅನುಕೂಲ, ಅದಕ್ಕೇ ಇದು ಇಷ್ಟು ವರ್ಷದಿಂದ ನಡೆದು ಬಂದಿದೆ.

ನಾನು ಕೇಳುವುದು ಇಷ್ಟು. ಟ್ರೇಡ್ ಲೈಸೆನ್ಸ್ ಅರ್ಜಿಯಲ್ಲಿ, ಪ್ರತಿ ವರ್ಷದ ನವೀಕರಣದಲ್ಲೂ, ಒಂದು ನೇರ ಪ್ರಶ್ನೆ ಸೇರಿಸಿ: ರಾತ್ರಿ ಒಳಗೆ ಯಾರಾದರೂ ಮಲಗುತ್ತಾರಾ, ಎಷ್ಟು ಜನ, ಯಾವ ಮಹಡಿ? ಹೌದು ಅಂದವರಿಗೆ ಒಂದೇ ಷರತ್ತು ಹಾಕಿ. ಬೀಗದ ಕೈ ಇಲ್ಲದೆ ಒಳಗಿನಿಂದ ತೆರೆಯುವ ಒಂದು ಬಾಗಿಲು ಇರಬೇಕು. ಶಟರಿನಲ್ಲೇ ಚಿಕ್ಕ ಬಾಗಿಲು ಕೂರಿಸುತ್ತಾರೋ, ಹಿಂದಿನ ಗೋಡೆಗೆ ಬಾಗಿಲು ಇಡಿಸುತ್ತಾರೋ, ಕಿಟಕಿಯ ಗ್ರಿಲ್ ಒಂದನ್ನು ತೆರೆಯುವ ಹಾಗೆ ಮಾಡಿಸುತ್ತಾರೋ ಅವರ ಇಷ್ಟ, ವೆಲ್ಡಿಂಗ್ ಅಂಗಡಿಯವರು ಒಂದೆರಡು ದಿನದಲ್ಲಿ ಮಾಡಿಕೊಡುತ್ತಾರೆ. ಥಿನ್ನರ್, ಬಣ್ಣ, ಸ್ಪಿರಿಟ್, ಫೋಮ್, ಪಟಾಕಿ ಇಡುವ ಕಡೆ ಮಾತ್ರ ಮಲಗುವುದನ್ನು ಪೂರ್ತಿ ನಿಲ್ಲಿಸಿ. ಅಲ್ಲಿ ರಿಯಾಯಿತಿಯ ಮಾತೇ ಬೇಡ. ಬಾರ್‌ಗಳ ಸನ್ನದು ಕೊಡುವ ಅಬಕಾರಿ ಇಲಾಖೆಗೂ ಇದೇ ಷರತ್ತು ಬರೆದು ಕಳಿಸಿ. ರಾತ್ರಿ ಬಾಗಿಲು ಹಾಕುವ ಹೊತ್ತನ್ನು ಅಷ್ಟು ಗಟ್ಟಿಯಾಗಿ ನೋಡಿಕೊಳ್ಳುವವರು ಹಾಕಿದ ಬಾಗಿಲ ಹಿಂದೆ ಯಾರಿದ್ದಾರೆ ಅಂತಲೂ ನೋಡಲಿ.

ಮಹಾನಿರ್ದೇಶಕರೇ, ಪೇಟೆಯ ಗಲ್ಲಿಗಳಲ್ಲಿ ನಿಮ್ಮ ದೊಡ್ಡ ವಾಹನ ತಿರುಗುವುದಿಲ್ಲ ಅಂತ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ನಗರ್ತಪೇಟೆ, ತರಗುಪೇಟೆ, ಮಾಮೂಲ್‌ಪೇಟೆ, ಸುಲ್ತಾನ್‌ಪೇಟೆ ಕಡೆ ಹಗಲು ಕೈಗಾಡಿ ಹೋಗುವುದೇ ಕಷ್ಟ, ರಾತ್ರಿ ಆದರೆ ನಿಲ್ಲಿಸಿದ ಟೆಂಪೊಗಳ ಸಾಲು. ಹಾಗಾಗಿ ಮೊದಲ ಹತ್ತು ನಿಮಿಷ ಒಳಗಿರುವವರು ತಾವೇ ಹೊರಗೆ ಬರಬೇಕು. ಅದನ್ನು ಅವರಿಗೆ ಹೇಳಿಕೊಡಿ. ನಿಮ್ಮವರು ಅಪಾರ್ಟ್‌ಮೆಂಟ್‌ಗಳಲ್ಲಿ, ಐಟಿ ಕಂಪನಿಗಳಲ್ಲಿ ಅಣಕು ಪ್ರದರ್ಶನ ಮಾಡುತ್ತಾರೆ, ತುಂಬ ಚೆನ್ನಾಗಿ ಮಾಡುತ್ತಾರೆ. ಅದೇ ಪ್ರದರ್ಶನವನ್ನು ಪೇಟೆಯಲ್ಲಿ ಒಂದು ಭಾನುವಾರ ಮಾಡಿ. ಕನ್ನಡದ ಜೊತೆ ಹಿಂದಿ, ತಮಿಳಿನಲ್ಲೂ ಹೇಳಿ, ಯಾಕೆಂದರೆ ಅಟ್ಟದ ಮೇಲೆ ಮಲಗುವವರಲ್ಲಿ ಆ ಕಡೆಯವರೂ ಇದ್ದಾರೆ. ಹೊಗೆ ಬಂದರೆ ನೆಲಕ್ಕೆ ಬಗ್ಗಿ ತೆವಳಿಕೊಂಡು ಬರಬೇಕು, 112ಕ್ಕೋ 101ಕ್ಕೋ ಮೊದಲು ಫೋನ್ ಮಾಡಬೇಕು, ಓನರಿಗೆ ಆಮೇಲೆ. ಇಷ್ಟು ಗೊತ್ತಿದ್ದರೂ ಸಾಕಿತ್ತು ಅನ್ನಿಸುವಂಥ ಸಾವುಗಳು ಆಗಿವೆ. ಯಾವ ಅಂಗಡಿಯಲ್ಲಿ ರಾತ್ರಿ ಜನ ಇರುತ್ತಾರೆ ಅಂತ ಲೈಸೆನ್ಸ್ ಅರ್ಜಿಯಿಂದ ತಿಳಿದ ಪಟ್ಟಿ ಹತ್ತಿರದ ಅಗ್ನಿಶಾಮಕ ಠಾಣೆಯಲ್ಲಿದ್ದರೆ, ನಿಮ್ಮ ಹುಡುಗರು ಬಂದಾಗ ಯಾವ ಶಟರ್ ಮೊದಲು ಕತ್ತರಿಸಬೇಕು ಅಂತ ಹುಡುಕುತ್ತಾ ನಿಲ್ಲಬೇಕಾಗುವುದಿಲ್ಲ.

ಕಾರ್ಮಿಕ ಇಲಾಖೆಯವರಿಗೆ ಎರಡೇ ಮಾತು. ಹುಡುಗನೇ ಬಂದು ಸಹಿ ಹಾಕಬೇಕು ಅನ್ನುವುದನ್ನು ಬಿಡಿ. ನೋಡಿದವರು ಯಾರೇ ಹೇಳಿದರೂ, ಹೆಸರು ಹೇಳದೆ ಹೇಳಿದರೂ, ಒಂದು ರಾತ್ರಿ ಹೋಗಿ ನೋಡಿ. ಎರಡನೆಯದು, ಕೆಲಸಗಾರರಿಗೆ ರಾತ್ರಿ ಮಲಗುವ ಜಾಗ. ಪಾಲಿಕೆಯ ಖಾಲಿ ಕಟ್ಟಡಗಳು ಪೇಟೆಯ ಸುತ್ತಲೇ ಇವೆ. ವರ್ತಕರ ಸಂಘ, ಪಾಲಿಕೆ, ಇಲಾಖೆ ಮೂವರೂ ಕೂತು ಮಾತಾಡಿದರೆ ಕಡಿಮೆ ಬಾಡಿಗೆಯ ಡಾರ್ಮಿಟರಿ ಆಗದ ಮಾತೇನಲ್ಲ.

ಇನ್ನು ನಮ್ಮ ವರ್ತಕರಿಗೆ. ನಿಮ್ಮ ಉಪ್ಪು ತಿಂದವನೇ ಬರೆಯುತ್ತಿದ್ದೇನೆ, ಹಾಗಾಗಿ ಸ್ವಲ್ಪ ಸಲಿಗೆ ತೆಗೆದುಕೊಳ್ಳುತ್ತೇನೆ. ನಿಮ್ಮಲ್ಲಿ ಕೆಟ್ಟವರು ಕಡಿಮೆ. ಹುಡುಗನಿಗೆ ಜ್ವರ ಬಂದರೆ ಆಸ್ಪತ್ರೆಗೆ ಕರೆದೊಯ್ಯುವವರು, ಅವನ ತಂಗಿ ಮದುವೆಗೆ ಬಡ್ಡಿ ಇಲ್ಲದೆ ಕೊಡುವವರು ನೀವು. ಅದಕ್ಕೇ ಈ ಬೀಗ ನನಗೆ ಜಾಸ್ತಿ ಚುಚ್ಚುತ್ತದೆ. ಕಳ್ಳತನದ ಭಯ ಅನ್ನುತ್ತೀರಿ. ಹೊರಗಿನ ಕಳ್ಳನಿಗಾದರೆ ಒಳಗಿನ ಚಿಲಕ ಸಾಕು, ಒಳಗೆ ಜನ ಇದ್ದಾರಲ್ಲ! ಹೊರಗಿನಿಂದ ಬೀಗ ಹಾಕುವುದು ಹುಡುಗರ ಮೇಲಿನ ಅನುಮಾನಕ್ಕೆ ಅಂತ ನಿಮಗೂ ಗೊತ್ತು, ಅವರಿಗೂ ಗೊತ್ತು. ಅಷ್ಟು ಅನುಮಾನ ಇದ್ದರೆ ಗಲ್ಲಾಕ್ಕೆ ಬೀಗ ಹಾಕಿ, ಮಾಲಿನ ಕೋಣೆಗೆ ಹಾಕಿ, ಕ್ಯಾಮೆರಾ ಹೇಗೂ ಹಾಕಿಸಿದ್ದೀರಿ. ಮನುಷ್ಯನನ್ನು ಒಳಗಿಟ್ಟು ಹೊರಗೆ ಬರಲು ಆಗದ ಹಾಗೆ ಬೀಗ ಹಾಕಬೇಡಿ.

ಕಾನೂನಿನ ಮಾತೂ ಒಂದಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮಿನಲ್ಲಿ ನಿರ್ಲಕ್ಷ್ಯದಿಂದ ಸಾವಾದರೆ ಐದು ವರ್ಷದವರೆಗೆ ಜೈಲು ಇದೆ. ಹಿಂದಿನ ಐಪಿಸಿಯಲ್ಲಿ ಇದ್ದದ್ದು ಎರಡು ವರ್ಷ. ವಿಮೆ ಇದೆ ಅಂತ ಧೈರ್ಯವಾಗಿ ಇರುವವರು ಪಾಲಿಸಿಯ ಷರತ್ತುಗಳನ್ನು ಒಮ್ಮೆ ಓದಿಸಿ ಕೇಳಿ. ಬೇಕಿದ್ದರೆ ನಾನೇ ಕೂತು ಓದಿ ಹೇಳುತ್ತೇನೆ, ಫೀಸು ಬೇಡ.

ಖರ್ಚು ಎಷ್ಟಾಗುತ್ತದೆ ಅಂತ ಕೇಳುವಿರಿ, ನಿಮ್ಮ ಲೆಕ್ಕದವನಾಗಿ ಅದನ್ನೂ ಹೇಳುತ್ತೇನೆ. ಬ್ಯಾಟರಿಯ ಸ್ಮೋಕ್ ಅಲಾರಂ ಸಾವಿರ ರೂಪಾಯಿ ಆಸುಪಾಸಿನಲ್ಲಿ ಸಿಗುತ್ತದೆ. ಎಲೆಕ್ಟ್ರಾನಿಕ್ಸ್ ಮಾಲು ಸಿಗುವ ಎಸ್‌ಪಿ ರಸ್ತೆ ನಿಮಗೆ ನಡೆದು ಹೋಗುವ ದೂರ. ಮಲಗುವ ಜಾಗದ ಸೂರಿಗೆ ಒಂದು, ಮೆಟ್ಟಿಲ ಹತ್ತಿರ ಒಂದು ಹಾಕಿಸಿ. ರಾತ್ರಿ ಎಲೆಕ್ಟ್ರಿಕ್ ಸ್ಕೂಟರನ್ನು ಒಳಗೆ ತಂದು ಬಾಗಿಲ ಬಾಯಲ್ಲೇ ಚಾರ್ಜಿಗೆ ಇಡುವುದನ್ನು ನಿಲ್ಲಿಸಿ, ಹೊರಗೆ ಬರುವ ದಾರಿಯೇ ಅದು. ಸೊಳ್ಳೆ ಬತ್ತಿ ರಟ್ಟಿನ ಮೇಲೆ ಬೇಡ. ಮೆಟ್ಟಿಲ ಮೇಲಿನ ಮಾಲು ಇಳಿಸಿ. ಫ್ರಿಜ್, ಯುಪಿಎಸ್ ಬಿಟ್ಟು ಉಳಿದದ್ದಕ್ಕೆಲ್ಲ ಮೇನ್ ಆಫ್ ಮಾಡಿ ಹೋಗಿ. ಮಾಡಿಸುವ ಬಾಗಿಲಿನ ಖರ್ಚು ದೀಪಾವಳಿಗೆ ಗಿರಾಕಿಗಳಿಗೆ ಹಂಚುವ ಸ್ವೀಟ್ ಬಾಕ್ಸಿನ ಲೆಕ್ಕಕ್ಕಿಂತ ಜಾಸ್ತಿ ಆಗುವುದಿಲ್ಲ, ಎರಡೂ ಬಿಲ್ಲು ಬರೆಯುವವನು ನಾನೇ.

ಬೀದಿಯ ಉಳಿದವರಿಗೂ ಒಂದು ಮಾತು. ಅಂಗಡಿ ಮೇಲೆ ಮನೆ ಮಾಡಿಕೊಂಡಿರುವವರು, ಎದುರಿನ ಟೀ ಅಂಗಡಿಯವರು, ರಾತ್ರಿ ಬೀಟಿನ ಪೊಲೀಸರು, ಬೆಳಗ್ಗೆ ನಾಲ್ಕಕ್ಕೆ ಹೂವು ಇಳಿಸಲು ಬರುವವರು, ಯಾವ ಶಟರ್ ಹಿಂದೆ ಜನ ಇದ್ದಾರೆ ಅಂತ ನಿಮಗೆ ಗೊತ್ತಿರುತ್ತದೆ. ಹೊಗೆ ಕಂಡರೆ ಯಾವುದೋ ಕಸ ಸುಡುತ್ತಿರಬೇಕು ಅಂತ ಮುಂದೆ ಹೋಗಬೇಡಿ. 112 ಒತ್ತಿ, ಒಳಗೆ ಜನ ಇದ್ದಾರೆ ಅಂತ ಹೇಳಿ.

ನನ್ನ ಹೆಸರು ಹಾಕಿಲ್ಲ. ಹಾಕಿದರೆ ನಾಳೆ ಎರಡು ಅಂಗಡಿಯ ಲೆಕ್ಕ ಬಿಟ್ಟುಹೋಗುತ್ತದೆ, ಅದಕ್ಕಿಂತ ಮುಖ್ಯವಾಗಿ ನಾನು ಮಾತಾಡಿಸಿದ ಹುಡುಗ ಯಾರು ಅಂತ ಪತ್ತೆಯಾಗುತ್ತದೆ. ಆಯುಕ್ತರೇ, ಉತ್ತರವಾಗಿ ನನಗೆ ಪತ್ರ ಬೇಡ. ಒಂದು ರಾತ್ರಿ, ಹನ್ನೊಂದರ ಮೇಲೆ, ಅಗ್ನಿಶಾಮಕದವರೊಬ್ಬರನ್ನೂ ಕಾರ್ಮಿಕ ಇಲಾಖೆಯವರೊಬ್ಬರನ್ನೂ ಜೊತೆಗೆ ಕರೆದುಕೊಂಡು, ಮೊದಲೇ ಯಾರಿಗೂ ಹೇಳದೆ, ಅವೆನ್ಯೂ ರಸ್ತೆಯಿಂದ ನಗರ್ತಪೇಟೆವರೆಗೆ ನಡೆದು ಬನ್ನಿ. ಶಟರ್ ಮೇಲೆ ಕೈಯಿಂದ ಬಡಿಯಿರಿ, ಒಳಗಿನಿಂದ ಯಾರಾದರೂ "ಯಾರು?" ಅಂತ ಕೇಳಿದರೆ, ತೆಗೆಯಪ್ಪ ಅಂತ ಹೇಳಿ ನೋಡಿ. ತೆಗೆಯಲು ಆಗದ ಅಂಗಡಿಗಳ ಪಟ್ಟಿ ಮಾಡಿ, ಮಾರನೇ ದಿನವೇ ಪಾಲಿಕೆಯ ನೋಟಿಸ್ ಬೋರ್ಡಿಗೆ ಹಾಕಿ.

ಇಂತಿ ನಿಮ್ಮ ವಿಶ್ವಾಸಿ,
ಪೇಟೆಯಲ್ಲಿ ಲೆಕ್ಕ ಬರೆಯುವವನು